ತಾತನ ಹೆಸರಿನ ಬಿಲ್ಲು

"ನಾಯಿಫ್ ಸಾಲಿಮ್ ಇದ್ದಾರಾ?"

ಬಾಗಿಲಲ್ಲಿ ನಿಂತವನ ಕೈಯಲ್ಲಿ ಕೋರ್ಟಿನ ಮೊಹರಿದ್ದ ಕಾಗದವಿತ್ತು. ಅಮ್ಮಾನ್ ನಗರದ ಆ ಗುಡ್ಡದ ಮೆಟ್ಟಿಲುಗಳನ್ನೆಲ್ಲ ಹತ್ತಿ ಬಂದ ಅವನು ಏದುಸಿರು ಬಿಡುತ್ತಿದ್ದ.

"ತಾತ ತೀರ್ಕೊಂಡು ನಾಲ್ಕು ವರ್ಷ ಆಯ್ತು," ಎಂದಳು ಲುಜೈನ್.

"ಹೌದಾ? ಹಾಗಾದ್ರೆ ಐದು ತಿಂಗಳಿಂದ ಬಿಲ್ ಕಟ್ಟದೆ ಕರೆಂಟ್ ಉರಿಸ್ತಿರೋರು ಯಾರಮ್ಮ?"

ಒಳಗಿಂದ ಅಪ್ಪ ಹಾತಿಮ್ ದಡಬಡ ಬಂದ. ಕಾಗದ ಓದಿ ಅವನ ಮುಖ ಕೆಂಪಾಯಿತು. ಏಳು ದಿನದೊಳಗೆ ಬಾಕಿ ಕಟ್ಟಬೇಕು. ಇಲ್ಲವಾದರೆ ಕರೆಂಟ್ ಕಟ್, ಮನೆಯಲ್ಲಿ ಇರುವವರ ಮೇಲೆ ಕೇಸು.

"ತಪ್ಪು ಮನೆಗೆ ಬಂದಿದ್ದೀರಿ. ತಿಂಗಳು ತಿಂಗಳೂ ನಮ್ಮಮ್ಮನ ಕೈಗೆ ದುಡ್ಡು ಕೊಟ್ಟಿದ್ದೀನಿ. ಅವಳೇ ಹೋಗಿ ಕಟ್ತಾಳೆ!"

"ಅದನ್ನ ಆಫೀಸಲ್ಲಿ ಹೇಳಿ ಸ್ವಾಮಿ," ಎಂದು ಅವನು ಇಳಿದುಹೋದ.

"ಹೇಳ್ತೀನಿ! ಎಲ್ಲರ ಮುಂದೆ ನಿಂತು ಹೇಳ್ತೀನಿ!" ಅಪ್ಪ ಶೂ ಹುಡುಕತೊಡಗಿದ.

ಬಿಲ್ಲುಗಳು ಎಲ್ಲಿವೆ ಎಂದು ಲುಜೈನಳಿಗೆ ಗೊತ್ತಿತ್ತು.

ಬಿಲ್ಲು ಬಂದಾಗಲೆಲ್ಲ ಅದನ್ನು ಅಜ್ಜಿಗೆ ಕೊಡುತ್ತಿದ್ದವಳು ಅವಳೇ. ಸೊಪ್ಪು ಬಿಡಿಸುತ್ತ ಕೂತ ಅಜ್ಜಿ, "ಹೆಸರು ಓದು," ಎನ್ನುತ್ತಿದ್ದಳು. ಅಜ್ಜಿಗೆ ಓದು ಬಾರದು. "ನಾಯಿಫ್ ಸಾಲಿಮ್," ಎಂದು ಲುಜೈನ್ ಓದಿದರೆ, "ಇನ್ನೊಂದ್ಸಲ," ಎನ್ನುತ್ತಿದ್ದಳು. ಆಮೇಲೆ ಬಿಲ್ಲು ಮಂಚದ ಕೆಳಗಿನ ಖರ್ಜೂರದ ಡಬ್ಬಿ ಸೇರುತ್ತಿತ್ತು. ಪಾಪ, ಅಜ್ಜಿ ನಾಳೆ ಕಟ್ಟುತ್ತಾಳೆ ಎಂದೇ ಲುಜೈನ್ ಅಂದುಕೊಂಡಿದ್ದಳು.

ಅವಳು ಅಡುಗೆಮನೆಯಲ್ಲಿದ್ದ ಅಜ್ಜಿಯ ಬಳಿಗೆ ಓಡಿದಳು. "ತೇತಾ, ಬಾಬಾ ಜಗಳಕ್ಕೆ ಹೊರಟಿದ್ದಾರೆ. ಅಲ್ಲಿ ಅವರಿಗೇ ಅವಮಾನ ಆಗತ್ತೆ. ನೀನು ಹೇಳ್ತೀಯಾ, ನಾನು ಹೇಳ್ಲಾ?"

ಅಜ್ಜಿ ಕೈ ಒರೆಸಿಕೊಂಡಳು. ತಾನೇ ಹೋಗಿ ಡಬ್ಬಿ ತಂದು ಮಗನ ಮುಂದಿಟ್ಟಳು. ಒಳಗೆ ಐದು ಬಿಲ್ಲುಗಳಿದ್ದವು. ಪ್ರತಿಯೊಂದರ ಮಡಿಕೆಯಲ್ಲೂ ಅಪ್ಪ ಕೊಟ್ಟ ದುಡ್ಡು ಹಾಗೇ ಇತ್ತು.

"ಯಮ್ಮಾ, ಯಾಕೆ?"

"ಮೊದಲು ಬಿಲ್ಲು ವಾಪಸ್ ಕೊಡ್ತಿದ್ರು. ಈಚೆಗೆ ಕಟ್ಟಿದ್ರೆ ಕೌಂಟರಿನವನು ಅದನ್ನ ತಾನೇ ಇಟ್ಕೋತಾನಪ್ಪ. ಒಂದು ಚೀಟಿ ಕೊಡ್ತಾನೆ, ಅದರಲ್ಲಿ ಬರೀ ನಂಬರು. ಈಗ ಯಾರು ನಿಮ್ಮಪ್ಪನ ಹೆಸರು ಹೇಳ್ತಾರೆ? ಈ ಕಾಗದ ಒಂದರಲ್ಲೇ ಬರ್ತಿತ್ತು."

ಅಪ್ಪ ಒಂದು ಕಾಲಿಗೆ ಶೂ ಹಾಕಿಕೊಂಡು ಹಾಗೇ ಕೂತುಬಿಟ್ಟ.

ಮೂವರೂ ಆಫೀಸಿಗೆ ಹೋದರು. ಗುಮಾಸ್ತ ಬಾಕಿ ಕಟ್ಟಿಸಿಕೊಂಡ. "ಇನ್ನು ಕೇಸು ಹಾಕಲ್ಲ ಬಿಡಿ. ಆದ್ರೆ ತೀರಿಹೋದವರ ಹೆಸರಲ್ಲಿ ಮೀಟರ್ ಇರೋ ಹಾಗಿಲ್ಲ. ಇವತ್ತೇ ನಿಮ್ಮ ಹೆಸರಿಗೆ ಮಾಡ್ಕೊಳ್ಳಿ," ಎಂದ.

ಅಪ್ಪ ಅಜ್ಜಿಯ ಕಡೆ ನೋಡಿದ. ಅಜ್ಜಿ ಲುಜೈನಳ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದಳು. "ಬರೆದುಕೊಡು," ಎಂದಳು ಮಗನಿಗೆ, ಅಷ್ಟೆ.

ಮುಂದಿನ ತಿಂಗಳು ಬಿಲ್ಲು ಬಂತು. ಅಜ್ಜಿ ಸೊಪ್ಪಿನಿಂದ ತಲೆ ಎತ್ತಲಿಲ್ಲ.

"ಓದ್ಲಾ ತೇತಾ?"

"ಯಾಕೆ? ಅದು ನಿಮ್ಮಪ್ಪಂದು. ಅಲ್ಲಿಡು."

ಲುಜೈನ್ ಆದರೂ ಓದಿದಳು. "ಹಾತಿಮ್ ನಾಯಿಫ್ ಸಾಲಿಮ್."

ಅಜ್ಜಿಯ ಬೆರಳುಗಳು ನಿಂತವು. "ಇನ್ನೊಂದ್ಸಲ."

ಲುಜೈನ್ ಇನ್ನೊಂದು ಸಲ ಓದಿದಳು. ಅಜ್ಜಿ ಸೊಪ್ಪು ಪಕ್ಕಕ್ಕೆ ಸರಿಸಿ ಎದ್ದಳು. "ನಡಿ, ಕೌಂಟರ್ ಮುಚ್ಚೋದ್ರೊಳಗೆ ಕಟ್ಟಿ ಬರೋಣ. ಈ ಕಾಗದ ಕೌಂಟರಿನವನೇ ಇಟ್ಕೊಳ್ಳಲಿ."

ಇಬ್ಬರೂ ಮೆಟ್ಟಿಲಿಳಿದರು. ಲುಜೈನಳಿಗೆ ಸ್ಕೂಲಿನ ಹಾಜರಿ ನೆನಪಾಯಿತು. ದಿನಾ ಬೆಳಿಗ್ಗೆ ಮಿಸ್ ಕೂಗುತ್ತಿದ್ದರು: ಲುಜೈನ್ ಹಾತಿಮ್ ನಾಯಿಫ್. ಅವಳು ಪುಸ್ತಕದಲ್ಲಿ ಗೀಚುತ್ತಲೇ "ಹ್ಞೂಂ" ಎಂದುಬಿಡುತ್ತಿದ್ದಳು.

ನಾಳೆ ಆ ಹೆಸರು ಕೂಗಿದಾಗ ಎದ್ದು ನಿಂತು ಜೋರಾಗಿ ಓಗೊಡಬೇಕು ಎಂದುಕೊಂಡಳು.