ನಾಯಿ ಮುಟ್ಟದ ತುತ್ತು

"ಆ ಚಿತ್ರಕ್ಕೆ ಮಾತ್ರ ಹೋಗಬೇಡ ಕಣೋ ರಾಮು" ಎಂದು ತಾಯಿ ಪದ್ಮಮ್ಮ ಮೂರನೆಯ ಸಲ ಹೇಳಿದಾಗ ರಾಮಾನುಜ ನಕ್ಕೇಬಿಟ್ಟ.

ಮದ್ದೂರಿನ ಬೀದಿಯಲ್ಲಿ ಎತ್ತಿನ ಗಾಡಿಯೊಂದು ಮೈಕಿನಲ್ಲಿ ಕೂಗಿಕೊಂಡು ಹೋಗುತ್ತಿತ್ತು. ಶಿವಪುರದ ಬಯಲಿನ ಟೆಂಟಿನಲ್ಲಿ 'ಕರಿಬಾವಿಯ ಹೆಂಗಸು', ಮೂರೇ ದಿನ. ರಾಮಾನುಜ ಅದನ್ನು ನೋಡಿದ್ದು ಏಳು ವರ್ಷದ ಹುಡುಗನಾಗಿದ್ದಾಗ, ಅಪ್ಪನ ತೊಡೆಯ ಮೇಲೆ ಕೂತು. ಆಗ ಹೆದರಿ ಒಂಬತ್ತು ದಿನ ಜ್ವರದಲ್ಲಿ ಬಿದ್ದಿದ್ದ. ಅಪ್ಪ ತೀರಿಹೋಗಿ ಬಹಳ ಕಾಲವಾಗಿತ್ತು. ಈಗ ಸಾವಿರದ ಒಂಬೈನೂರ ಎಪ್ಪತ್ತಮೂರು. ಮೈಸೂರಿನಲ್ಲಿ ಓದು ಮುಗಿಸಿ, ಹುಟ್ಟಿದೂರಿನ ಹೈಸ್ಕೂಲಿಗೇ ವಿಜ್ಞಾನದ ಮೇಷ್ಟ್ರಾಗಿ ಬಂದು ಎರಡು ತಿಂಗಳಾಗಿತ್ತು. ಮಕ್ಕಳಿಗೆ ಬೆಳಕಿನ ಪಾಠ ಮಾಡುವವನು ತೆರೆಯ ಮೇಲಿನ ಬೆಳಕಿಗೆ ಹೆದರುವುದೇ?

"ಯಾಕೆ ಹೋಗಬಾರದು? ಕಾರಣ ಹೇಳು, ಹೋಗಲ್ಲ" ಎಂದ.

ಪದ್ಮಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಕೆಮ್ಮಿದಳು. ಆ ಕೆಮ್ಮು ಅವನಿಗೆ ಬುದ್ಧಿ ತಿಳಿದಾಗಿನಿಂದ ಇದ್ದದ್ದು. ಮನೆತನದ ಉಬ್ಬಸವೆಂದೇ ತಿಳಿದಿದ್ದ.

ಹಿತ್ತಿಲಲ್ಲಿ ಬೂದಿ ಹಾಕಿ ಪಾತ್ರೆ ಉಜ್ಜುತ್ತಿದ್ದ ಚಿಕ್ಕಬೋರಮ್ಮ ಕೈ ನಿಲ್ಲಿಸಿದಳು. ಮೂವತ್ತು ವರ್ಷದಿಂದ ಆ ಮನೆಯ ಕೆಲಸ ಮಾಡುತ್ತಿದ್ದವಳು. ಅವನನ್ನು ಎತ್ತಿ ಆಡಿಸಿದ್ದವಳು.

"ಬ್ಯಾಡ ಬುಡಿ ಚಿಕ್ಕಯ್ನೋರೆ. ಮನಿಕ್ಕಂಡಿರೋದ ಯಾಕೆ ಕೆಣಕ್ತೀರಿ?"

"ಏನು ಮಲಗಿದೆ ಚಿಕ್ಕಬೋರಮ್ಮ? ಎಲ್ಲಿ ಮಲಗಿದೆ? ತೋರಿಸು, ಎಬ್ಬಿಸಿ ಕಾಫಿ ಕೊಡೋಣ."

ಚಿಕ್ಕಬೋರಮ್ಮ ಪದ್ಮಮ್ಮನನ್ನು ನೋಡಿದಳು. ಪದ್ಮಮ್ಮ ನೆಲ ನೋಡಿದಳು.

ಸಂಜೆಯ ಮೊದಲ ಆಟಕ್ಕೆ ಡ್ರಿಲ್ ಮೇಷ್ಟ್ರು ಚಲುವರಾಜು ಜೊತೆಗೆ ಬಂದ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಟೆಂಟಿನೊಳಗೆ ಕಾಲಿಟ್ಟರೆ ಬೀಡಿಯ ಹೊಗೆ, ಒದ್ದೆ ಗೋಣಿತಟ್ಟಿನ ಮುಗ್ಗುಲು, ಜನರೇಟರಿನ ಸೀಮೆಎಣ್ಣೆಯ ಕಮಟು. ಪರದೆಯ ಹಿಂದೆ ಯಾರೋ ಉಚ್ಚೆ ಹೊಯ್ದ ನಾತ ಗಾಳಿ ಬೀಸಿದಾಗಲೆಲ್ಲ ಮೂಗಿಗೆ ಬಡಿಯುತ್ತಿತ್ತು. ಬೇಯಿಸಿದ ಕಡಲೆಕಾಯಿ ಕಟ್ಟಿಸಿಕೊಂಡು ಮರಳಿನ ಮೇಲೆ ಕೂತರು.

ಚಿತ್ರ ಶುರುವಾಯಿತು. ರಾಮಾನುಜನಿಗೆ ನಾಚಿಕೆಯಾಯಿತು. ಇದಕ್ಕೇ ಹೆದರಿದ್ದೆನೇ? ಬಾವಿ ರಟ್ಟಿನದು. ಚಂದ್ರ ತಗಡಿನವನು. ದೆವ್ವ ತೇಲಿ ಬರುವಾಗ ಎಳೆಯುವ ತಂತಿ ಹೊಳೆಯುತ್ತಿತ್ತು.

"ಲೇ ರಾಮಾನುಜ, ನೀನು ಚಡ್ಡಿ ಒದ್ದೆ ಮಾಡ್ಕಂಡಿದ್ದು ಈವಮ್ಮನ್ನ ನೋಡೇ ಏನ್ಲಾ?" ಎಂದು ಚಲುವರಾಜು ಪಕ್ಕೆ ತಿವಿದ.

"ಸುಮ್ನಿರೋ. ಮುಂದೆ ಗಂಟಲಿಂದ ಕೂದಲು ಎಳೀತಾಳೆ, ಅದು ನೋಡು."

ಆ ದೃಶ್ಯ ಬಂತು. ಬಾವಿಕಟ್ಟೆಯ ಮೇಲೆ ಕೂತ ಹೆಂಗಸು ಬಾಯಿಗೆ ಕೈ ಹಾಕಿ, ನೀರು ಸೇದುವ ಹಗ್ಗದಂತೆ, ಒಂದು ಕೈಯ ಮೇಲೊಂದು ಕೈಯಿಟ್ಟು ಕೂದಲನ್ನು ಎಳೆದು ಎಳೆದು ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು. ಎಳೆಯುತ್ತ ಮಂತ್ರ ಹೇಳುತ್ತಿದ್ದಳು. ಆಶ್ಚರ್ಯವೆಂದರೆ, ಮಂತ್ರದ ಒಂದೊಂದು ಅಕ್ಷರವೂ ರಾಮಾನುಜನ ನಾಲಿಗೆಯ ಮೇಲೆ ಸಿದ್ಧವಾಗಿತ್ತು. ನಗಿಸುವುದಕ್ಕೆಂದು ಅವನೂ ದನಿಯೆತ್ತಿ ಅವಳ ಜೊತೆಗೇ ಹೇಳಿದ. ಸುತ್ತಲಿನವರು ನಕ್ಕರು.

ತೆರೆಯ ಮೇಲಿನ ಹೆಂಗಸು ಎಳೆಯುವುದನ್ನು ನಿಲ್ಲಿಸಿ ಅವನನ್ನು ನೋಡಿದಳು.

ನೋಡಿದಳೆಂದು ಅವನಿಗೆ ಅನ್ನಿಸಿತು. ಅಷ್ಟರಲ್ಲಿ ಬಾಯಲ್ಲಿದ್ದ ಕಡಲೆಕಾಯಿ ಹಳಸಿದ ಅನ್ನದ ಹಾಗೆ ಲೋಳೆಯಾಯಿತು. ಹಲ್ಲಿನ ಸಂದಿಗೆ ಏನೋ ಸಿಕ್ಕಿತು. ಉಗಿದ, ಬರಲಿಲ್ಲ. ಎರಡು ಬೆರಳಲ್ಲಿ ಹಿಡಿದು ಎಳೆದ. ಕೂದಲು. ಗೇಣುದ್ದ ಬಂತು. ಮೊಳದುದ್ದ ಬಂತು. ಇನ್ನೂ ಬರುತ್ತಲೇ ಇತ್ತು. ಗಂಟಲಿನ ಗೋಡೆಗೆ ಅದು ಸವರಿಕೊಂಡು ಏರುವುದು ಗೊತ್ತಾಗುತ್ತಿತ್ತು. ಪೂರ್ತಿ ಹೊರಗೆ ಬಂದಾಗ ಪರದೆಯ ಬೆಳಕಿಗೆ ಹಿಡಿದು ನೋಡಿದ. ಅರ್ಧ ಕಪ್ಪು, ಅರ್ಧ ಬಿಳಿ. ಅದಕ್ಕೆ ಸೀಗೆಕಾಯಿಯ ವಾಸನೆ ಇತ್ತು. ಅಮ್ಮನ ತಲೆಯ ವಾಸನೆ.

"ಎಲ್ಲಿಗ್ಲಾ? ಇನ್ನೂ ಇಂಟ್ರವಲ್ಲೇ ಆಗಿಲ್ವಲ್ಲಲಾ!" ಎಂದು ಚಲುವರಾಜು ಕೂಗಿದ್ದು ಹಿಂದೆಯೇ ಉಳಿಯಿತು. ರಾಮಾನುಜ ಓಡುತ್ತಿದ್ದ.

ಮನೆಯ ಬಾಗಿಲು ಹಾರು ಹೊಡೆದಿತ್ತು. ಕರೆಂಟು ಹೋಗಿತ್ತು. ಹಸಿಬಟ್ಟೆ ಹಿಂಡಿದಂಥ ಸದ್ದೊಂದು ಅಡುಗೆಮನೆಯಿಂದ ಬಿಟ್ಟು ಬಿಟ್ಟು ಬರುತ್ತಿತ್ತು.

ಅನ್ನದಲ್ಲಿ ಒಂದು ಕೂದಲು ಸಿಕ್ಕಿದರೆ ಪಾತ್ರೆಯನ್ನೇ ಹಸುವಿನ ಮುಂದೆ ಸುರಿಯುತ್ತಿದ್ದ ಪದ್ಮಮ್ಮ, ಹಿತ್ತಾಳೆಯ ತಟ್ಟೆಯ ಮೇಲೆ ಬಗ್ಗಿ ಕೂತಿದ್ದಳು. ಹಣತೆಯ ಬೆಳಕಿನಲ್ಲಿ ಅವಳ ಬಾಯಿಂದ ಕೂದಲು ಜೋತುಬಿದ್ದಿತ್ತು. ಚಿಕ್ಕಬೋರಮ್ಮ ಒಂದು ಕೈಯಲ್ಲಿ ಅವಳ ಬೆನ್ನು ಹಿಡಿದು, ಇನ್ನೊಂದು ಕೈಯಲ್ಲಿ ಅದನ್ನು ಎಳೆಯುತ್ತಿದ್ದಳು. ಕೊನೆಗೆ ಒಂದು ಉಂಡೆ ತಟ್ಟೆಗೆ ಬಿತ್ತು. ಹಳದಿಗಟ್ಟಿದ ಅನ್ನ, ಅದನ್ನು ಸುತ್ತಿಕೊಂಡ ಕೂದಲು, ಅದರ ಮೇಲೆ ನೊರೆನೊರೆಯಾದ ಎಂಜಲು. ಉಂಡೆಯಿಂದ ಹಬೆ ಏಳುತ್ತಿತ್ತು.

"ಏನಿದು?" ಎಂದ ರಾಮಾನುಜ.

"ನಿಮ್ದೇಯ" ಎಂದಳು ಚಿಕ್ಕಬೋರಮ್ಮ. ಅಲ್ಲಿಯೇ, ಆ ಗಬ್ಬುನಾತದ ನಡುವೆ, ಹದಿನೆಂಟು ವರ್ಷ ಬಾಯಿ ಬಿಡದಿದ್ದುದನ್ನು ಹೇಳಿದಳು.

ಜ್ವರದಲ್ಲಿ ಹುಡುಗ ಚಿತ್ರದ ಮಂತ್ರವನ್ನು ಕನವರಿಸುತ್ತಿದ್ದ. ಮಳವಳ್ಳಿಯ ಕಡೆಯಿಂದ ಹೆದರಿಕೆ ತೆಗೆಯುವ ಹೊಂಬಾಳಮ್ಮನನ್ನು ಕರೆಸಿದರು. ಅವಳು ಅದನ್ನು ಕೇಳಿದವಳೇ ಕಿವಿ ಮುಚ್ಚಿಕೊಂಡಳು: ಇದು ಆಟದ ಮಾತಲ್ಲ, ಯಾವನೋ ಪಾಪಿ ನಿಜವಾದ ಮಾಟದ ಮಂತ್ರವನ್ನೇ ಚಿತ್ರಕ್ಕೆ ಹಾಕಿದ್ದಾನೆ. ಒಂದು ಹಿಡಿ ಅನ್ನಕ್ಕೆ ಹುಡುಗನ ಕೈಲಿ ಮೂರು ಸಲ ಉಗುಳಿಸಿ, ಹೊತ್ತು ಮುಳುಗುವುದರೊಳಗೆ ಕರಿನಾಯಿಗೆ ತಿನ್ನಿಸಿ ಎಂದಳು. ಉಸಿರಾಡುವ ಒಂದು ಹೊಟ್ಟೆಗೆ ಅದು ಸೇರಲೇಬೇಕು, ಇಲ್ಲದಿದ್ದರೆ ಮಗುವಿಗೇ ತಿರುಗುತ್ತದೆ. ಆಮೇಲೆ ಮಗು ಮತ್ತೆಂದೂ ಚಿತ್ರದ ಆ ಹೆಂಗಸಿನ ಮುಖ ನೋಡಬಾರದು, ನೋಡಿದರೆ ಒಳಗೆ ಮಲಗಿದ್ದದ್ದು ಎದ್ದು ಬರುತ್ತದೆ.

"ಕರಿನಾಯಿ ಮೂಸಿ ನೋಡಿ ಓಯ್ತು. ಕೇರಿ ನಾಯೆಲ್ಲ ಕರ್ದೊ, ಒಂದೂ ಮುಟ್ನಿಲ್ಲ. ಒತ್ತು ಮುಳುಗ್ತಿತ್ತು. ಅಮ್ಮಾವ್ರು ಆಚೆ ಈಚೆ ನೋಡ್ನಿಲ್ಲ. ಗಬಕ್ನೆ ಬಾಯ್ಗಾಕ್ಕಂಡ್ರು. ಮಡಿ ಸೀರೇಲೇ ಇದ್ರು."

ರಾಮಾನುಜ ತಾಯಿಯನ್ನು ನೋಡಿದ. ಅವಳು ಮುಖ ತಿರುಗಿಸಿಕೊಂಡಳು. ಆ ನಾಚಿಕೆಗೇ ಅವಳು ಮಧ್ಯಾಹ್ನ ಕಾರಣ ಹೇಳಿರಲಿಲ್ಲ.

"ಈಗ ಬಿಸಿ ಆರೋದ್ರೊಳಗೆ ನಿಮ್ದ ನೀವು ವಾಪಸ್ ತಗಳಿ. ನಾನ್ ತಿಂದ್ರೆ ಆಗಾಕಿಲ್ಲ, ನಿಮ್ದು, ಅಮ್ಮಾವ್ರುದು, ಈ ಎರಡು ಒಟ್ಟೇಲಿ ಒಂದ್ಕೇ ಓಗ್ಬೇಕು. ನಿಮ್ಗೆ ಪ್ರಾಯ ಐತೆ, ನಾಕ್ ದಿನ ನರಳಿ ಎದ್ದೇಳ್ತೀರಿ. ಅಮ್ಮಾವ್ರು ಎರಡ್ನೇ ಸಲ ತಡ್ಕಳಾಕಿಲ್ಲ. ಯಾರೂ ತಿನ್ನದೇ ಓದ್ರೆ ನಿಮ್ಮನ್ನೇ ತಗತದೆ. ತಿನ್ರಪ್ಪ."

ಅವನು ತಟ್ಟೆಯ ಮುಂದೆ ಕೂತ. ಉಂಡೆಯನ್ನು ಕೈಗೆತ್ತಿಕೊಂಡ. ಅದು ಬೆಚ್ಚಗಿತ್ತು. ಅಂಟಂಟಾಗಿತ್ತು. ಕೂದಲು ಬೆರಳುಗಳ ಸಂದಿಯಲ್ಲಿ ಹುಳುವಿನಂತೆ ಮಿಸುಕಿತು. ತುಟಿಯ ಹತ್ತಿರ ತಂದ. ನಾತ ಹೊಡೆಯಿತು. ನನ್ನ ತಾಯಿ, ಎಂದುಕೊಂಡ. ನನ್ನ ತಾಯಿ. ನರಸಿಂಹಸ್ವಾಮಿಯನ್ನು ನೆನೆದ. ಬಾಯಿ ತೆರೆದ. ತುಟಿಗೆ ತಾಗಿತು. ಓಕರಿಕೆ ಬಂತು. ಕೈ ತಾನಾಗಿಯೇ ಅದನ್ನು ಕೊಡವಿತು. ಉಂಡೆ ತಟ್ಟೆಗೆ ಬಿತ್ತು.

"ಇನ್ನೊಂದ್ಸಲ ನೋಡಿ! ಅಬೆ ನಿಲ್ತಾ ಐತೆ!"

ಇನ್ನೊಂದು ಸಲ ಎತ್ತಿಕೊಂಡ. ಆಗಲಿಲ್ಲ. ಮೂರನೆಯ ಸಲ ಅವನ ಕೈ ತಟ್ಟೆಯವರೆಗೂ ಹೋಗಲಿಲ್ಲ.

"ಬಿಡು ಚಿಕ್ಕಬೋರಿ, ಅವನಿಗೆ ಆಗಲ್ಲ" ಎಂದಳು ಪದ್ಮಮ್ಮ. ದನಿಯಲ್ಲಿ ಸಿಟ್ಟು ಇರಲಿಲ್ಲ. ಮಗುವಿಗೆ ಹಾಗಲಕಾಯಿ ಸೇರುವುದಿಲ್ಲ ಎನ್ನುವ ಹಾಗೆ ಹೇಳಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡು ತಟ್ಟೆ ಎಳೆದುಕೊಂಡಳು. ಚಿಕ್ಕಬೋರಮ್ಮ "ಅಮ್ಮಾ, ಬ್ಯಾಡಿ ಕಣಮ್ಮ" ಎಂದು ಕೈ ಹಿಡಿದಳು. ಪದ್ಮಮ್ಮ ಕೈ ಬಿಡಿಸಿಕೊಂಡು, ದೇವರ ಪ್ರಸಾದ ತಿನ್ನುವವಳಂತೆ ತಲೆ ಬಾಗಿಸಿ, ಒಂದೊಂದೇ ತುತ್ತು ನುಂಗಿದಳು. ತಟ್ಟೆಯಲ್ಲಿ ಒಂದು ಅಗುಳೂ ಉಳಿಯಲಿಲ್ಲ. ಆಮೇಲೆ ಹಿಂದಕ್ಕೆ ಒರಗಿದಳು. ಕೊರಳು ಉಬ್ಬತೊಡಗಿತು.

"ನೀರು" ಎಂದಳು.

ರಾಮಾನುಜ ಲೋಟ ತಂದ. ಅವಳು ಬಾಯಿ ತೆರೆದಳು. ಹಲ್ಲಿನ ಮೇಲೆ ಕೂದಲೆಳೆ ಅಂಟಿತ್ತು. ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ತುಟಿಗೆ ಲೋಟ ತಾಗಿಸಬೇಕೆಂದು ಅವನ ಮನಸ್ಸಿನಲ್ಲಿತ್ತು. ಕೈ ಮಾತ್ರ ಒಂದು ಗೇಣು ಮೇಲೆಯೇ ನಿಂತುಬಿಟ್ಟಿತು. ಅಲ್ಲಿಂದಲೇ ಎತ್ತಿ ಹೊಯ್ದ. ಅರ್ಧ ನೀರು ಅವಳ ಗಲ್ಲದ ಮೇಲೆ ಚೆಲ್ಲಿತು. ಅವಳು ಆ ಕೈಯನ್ನೊಮ್ಮೆ ನೋಡಿ ಕಣ್ಣು ಮುಚ್ಚಿದಳು.

ಅವನು ಲೋಟವನ್ನು ಬಚ್ಚಲಿಗೆ ಒಯ್ದು, ಹುಣಸೆಹಣ್ಣು ಹಾಕಿ ತಿಕ್ಕಲು ಕೂತ. ಒಳಗಿನಿಂದ ಚಿಕ್ಕಬೋರಮ್ಮ ಗೋಳೋ ಎಂದು ಅತ್ತದ್ದು ಕೇಳಿಸಿತು. ಆಗಲೂ ಅವನು ತಿಕ್ಕುತ್ತಲೇ ಇದ್ದ.