ಬಾವಡಿ ಹೋಯಿತು, ಚಿಕ್ಕಿ ಬಂತು

"ಕಿಶೋರಣ್ಣ, ಬಾವಡಿ ಇಲ್ರಿ," ಎಂದು ದಾನೇಶ್ವರಿ ಮೇಲಿನ ಮೆಟ್ಟಿಲಿನಿಂದ ಹೇಳಿದಾಗ ನಾನು ಕೌಂಟರಿನಲ್ಲಿ ಚಹಾ ಕುಡಿಯುತ್ತಿದ್ದೆ. ಮುಂಬೈಯ ಗ್ರಾಂಟ್ ರೋಡಿನ ನಮ್ಮ ಲಾಡ್ಜಿನಲ್ಲಿ ಚಾದರ, ಬಕೆಟ್ಟು, ಒಮ್ಮೊಮ್ಮೆ ಬಾಡಿಗೆಗೆ ಬಂದವರೇ ಕಾಣೆಯಾದದ್ದುಂಟು. ಬಾವಿ ಕಾಣೆಯಾದದ್ದು ಅದೇ ಮೊದಲು.

ಹೋದದ್ದು ಅಂಗೈಯಗಲದ ಮರದ ಬಾವಿ. ಮುಂಬೈ ಮತ್ತು ವಿಜಯಪುರದ ನಗರಯೋಜಕರು ಒಬ್ಬರ ಊರಿನಲ್ಲಿ ಇನ್ನೊಬ್ಬರು ಇದ್ದು ಕಲಿಯುವ ಒಪ್ಪಂದವೊಂದು ಕೆಲವು ವರ್ಷಗಳಿಂದ ನಡೆದಿತ್ತು. ಅದನ್ನು ಇನ್ನೂ ಹತ್ತು ವರ್ಷ ಮುಂದುವರಿಸಲು ಅಂದು ಮಧ್ಯಾಹ್ನ ದಾದರಿನಲ್ಲಿ ಸಹಿಯಾಗಬೇಕಿತ್ತು. ಆ ಸಭೆಗಾಗಿ, ಒಪ್ಪಂದದಲ್ಲಿ ವಿಜಯಪುರದಿಂದ ಬಂದು ನಮ್ಮಲ್ಲಿ ಉಳಿದಿದ್ದ ಯೋಜಕಿ ದಾನೇಶ್ವರಿ ತನ್ನೂರಿನ ಗೌಳಿಗಲ್ಲಿಯ ಮಾದರಿಯನ್ನು ನಮ್ಮ ಮೇಲಿನ ಹಾಲಿನಲ್ಲಿ ಕಟ್ಟಿದ್ದಳು. ಅದರ ನಡುವೆ ಹಳೆಯ ಮೆಟ್ಟಿಲಬಾವಿ, ಸುತ್ತ ಸರಿಪಡಿಸಬೇಕಾದ ಓಣಿಗಳು. ಎಲ್ಲರಿಗೂ ಮೆಚ್ಚಿಗೆಯಾದರೆ ಎರಡೂ ಊರಿನ ಹೊಸಬರಿಗೆ ಕಲಿಸುವ ಕೆಲಸ ಅವಳಿಗೇ ಎಂದು ಮಾತಾಗಿತ್ತು. ನಡುವಿನ ಬಾವಿಯೇ ಇಲ್ಲದ ಮೇಲೆ ಆ ಕೆಲಸ ಕೈತಪ್ಪಿದಂತೆಯೇ.

ಬಸವಂತರಾಯರು ಹಾಗೆಂದೇ ಬಿಟ್ಟರು. ವಿಜಯಪುರದ ತಂಡದ ಹಿರಿಯರು ಅವರು. ನಗುವುದಕ್ಕೂ ಅರ್ಜಿ ಕೇಳುವಂಥ ಮುಖ. "ಒಂದು ಬಾವಡಿ ಕಾಯೂದಾಗ್ಲಿಲ್ಲ, ಇಕಿ ಹುಡುಗೂರಿಗೆ ಏನ್ ಕಲಸ್ತಾಳ್ರಿ? ಈಶ್ವರಗ ಕೊಡೂಣು ಆ ಕೆಲಸ." ಅವರ ಜೊತೆ ಬಂದಿದ್ದ ಈಶ್ವರ ನೆಲ ನೋಡುತ್ತ ನಿಂತಿದ್ದ. ಆ ಕೆಲಸದ ಮೇಲೆ ಅವನಿಗೂ ಕಣ್ಣಿತ್ತೆಂಬುದು ಎಲ್ಲರಿಗೂ ಗೊತ್ತು.

"ಸಾಹೇಬ್ರ, ಚಾ ಆರತದ. ಮದ್ಲ ಕುಡೀರಿ," ಎಂದರು ಹಿಂದಿನಿಂದ ಬಂದ ಸಿದ್ದರಾಮಪ್ಪನವರು. ಲಾಡ್ಜಿನ ಮಾಲೀಕರು, ಮೂಲತಃ ವಿಜಯಪುರದ ಕಡೆಯವರು, ನನ್ನ ಧಣಿ. ಪತ್ತೇದಾರಿಕೆ ಅವರ ಹುಚ್ಚು, ಲಾಡ್ಜು ನಡೆಸುವುದು ನನ್ನ ಪಾಡು. ಆದರೂ ಅವರು ಮೂಗಿನ ತುದಿಗೆ ಕನ್ನಡಕ ಇಳಿಸಿದರೆಂದರೆ ನಾನು ಕೌಂಟರು ಬಿಟ್ಟು ಹಿಂದೆ ಹೋಗದೆ ಇರಲಾರೆ.

ಧೂಳು ಕೂರದಿರಲೆಂದು ದಾನೇಶ್ವರಿ ಸಂಜೆ ಸಂಜೆ ಬಾವಡಿಯನ್ನು ತಾಯಿ ದಾನವ್ವ ಚಟ್ನಿಪುಡಿ ತುಂಬಿ ಕಳಿಸಿದ್ದ ಸ್ಟೀಲಿನ ಡಬ್ಬಿಯಲ್ಲಿ ಎತ್ತಿಡುತ್ತಿದ್ದಳು. ಸಿದ್ದರಾಮಪ್ಪನವರು ಆ ಡಬ್ಬಿಯ ಮುಚ್ಚಳ ತೆಗೆದರು. ಒಳಗೆ ಶೇಂಗಾ ಚಿಕ್ಕಿಯ ಒಂದು ತುಂಡು, ಮೇಲೆ ಸ್ಟೇಷನ್ನಿನ ಅಂಗಡಿಯ ಕಾಗದ.

"ಇದು ನಿಂದೇನವ್ವ?"

"ಅಲ್ರಿ ಕಾಕಾ. ನಿನ್ನೆ ಬಾವಡಿ ಒಂದ ಇತ್ತು."

ಅವರು ಮಾದರಿಯ ಮೇಲೆ ಬಗ್ಗಿದರು. ಬಾವಡಿ ಕೂರುವ ಜಾಗದಲ್ಲಿ ಎರಡು ತೂತು. ಅದರ ಬುಡದ ಎರಡು ಗೂಟ ಅವುಗಳಲ್ಲಿ ಕೂರಬೇಕು. ಜಾಗದ ಪಕ್ಕದಲ್ಲಿ ಹೆಂಗಸರ ಓಣಿ ಎಂದು ಬರೆದ ಸಣ್ಣ ದಾರಿ. ಆ ದಾರಿಯಿಂದ ಬಾವಡಿಯವರೆಗೆ ಯಾರೋ ಪೆನ್ಸಿಲ್ ಗೆರೆ ಎಳೆದು ಅಳಿಸಿದ ಗುರುತು. ಗೋಡೆಯ ಮೇಲೆ ಹಿಂದಿನ ದಿನ ತೆಗೆದ ಮಾದರಿಯ ಫೋಟೋ ಇತ್ತು. ಅದನ್ನು ಅವರು ಬಹಳ ಹೊತ್ತು ನೋಡಿದರು. ಬಾವಡಿಯ ಮೆಟ್ಟಿಲು ಸ್ಟೇಷನ್ ರಸ್ತೆಯ ಕಡೆಗಿತ್ತು.

ಹಾಲಿನ ಬೀಗದ ಕೈ ನನ್ನ ಕೌಂಟರಿನ ಮೊಳೆಗೇ ತೂಗುತ್ತಿರುತ್ತದೆ. ಹಿಂದಿನ ಸಂಜೆ ಅದನ್ನು ಕೇಳಿ ಒಯ್ದವರು ಬಸವಂತರಾಯರು, ಈಶ್ವರ, ಆಮೇಲೆ ಕೊಡೆ ಮರೆತೆನೆಂದು ಬಂದ ಶೀತಲ್. ಶೀತಲ್ ಮುಂಬೈ ಕಡೆಯ ಯೋಜಕಿ. ಒಪ್ಪಂದದಲ್ಲಿ ವಿಜಯಪುರಕ್ಕೆ ಹೋಗಿ ಆರು ತಿಂಗಳು ದಾನವ್ವನ ಮನೆಯಲ್ಲೇ ಇದ್ದವಳು.

"ಈಶ್ವರನೇ," ಎಂದೆ ಮೆಲ್ಲಗೆ.

"ನೀ ಕೌಂಟರಿಗೇ ಲಾಯಕ್ಕು," ಎಂದರು ಧಣಿ.

ಲೋಕಲ್ ರೈಲು ತಡವಾಗಿ, ಬೊರಿವಲಿಯಿಂದ ಶೀತಲ್ ಏದುಸಿರು ಬಿಡುತ್ತ ಬಂದಳು. ಸಿದ್ದರಾಮಪ್ಪನವರು ಎಲ್ಲರನ್ನೂ ಮಾದರಿಯ ಸುತ್ತ ಕೂರಿಸಿದರು.

"ಕಳ್ಳ ಆದಾವ ಡಬ್ಬಿ ಖಾಲಿ ಬಿಟ್ಟು ಹೋಗ್ತಾನ. ಇಲ್ಲಿ ಕೈ ಹಾಕಿದವರಿಗೆ ಖಾಲಿ ಡಬ್ಬಿ ಇಡಾಕ ಮನಸ್ಸು ಬಂದಿಲ್ಲ. ಇದು ನಮ್ಮೂರ ಕಡೆ ಮನಿ ರೂಢಿ. ಬಂದ ಡಬ್ಬಿ ಖಾಲಿ ಕೊಡಬಾರದು. ಹಂಗಂತ ನಮ್ಮೂರವರ ಮ್ಯಾಲೆ ಸಂಶೇ ಹೋಗ್ತದ. ಆದ್ರ ಲಾಡ್ಜಿನಾಗ ಇದ್ದವರಾದ್ರ ಕೆಳಗ ಅಡಗಿ ಮನಿಯಾಗಿಂದ ಸಕ್ರಿ ತರ್ತಿದ್ರು. ಸಾಹೇಬ್ರು, ಈಶ್ವರ ನಿನ್ನೆ ಬಸ್ ಇಳದು ಸೀದಾ ಇಲ್ಲಿಗೆ ಬಂದವರು, ಹೊರಗ ಹೋಗಿಲ್ಲ. ಸ್ಟೇಷನ್ ಚಿಕ್ಕಿ ಇರೂದು ದಿನಾ ಲೋಕಲ್ ಹತ್ತವರ ಚೀಲದಾಗ."

ಧಣಿ ಪೆನ್ಸಿಲ್ ಗುರುತಿನ ಮೇಲೆ ಬೆರಳಿಟ್ಟರು.

"ಇನ್ನ ಆ ಗೆರಿ. ದಾನೇಶ್ವರಿ, ಗೌಳಿಗಲ್ಲಿ ಹೆಂಗಸರು ಬಾವಡಿಗೆ ಯಾವ ಕಡಿಂದ ಇಳೀತಾರವ್ವ?"

ದಾನೇಶ್ವರಿ ಫೋಟೋ ನೋಡಿದಳು. ಅವಳ ಮುಖದ ಬಣ್ಣ ಇಳಿಯಿತು. "ಓಣಿ ಕಡಿಂದ್ರಿ. ನಾ ಮೆಟ್ಟಲಾ ಸ್ಟೇಷನ್ ಕಡೆ ತಿರಗಿಸೀನಿ. ಓಣಿಗೆ ಗ್ವಾಡಿ ಬಂತು."

"ಈ ತಪ್ಪು ಈಶ್ವರ ಕಂಡಿದ್ರ ಎಲ್ಲರ ಮುಂದ ಹೇಳ್ತಿದ್ದ, ಸಾಹೇಬ್ರು ಕಂಡಿದ್ರ ಬೈತಿದ್ರು. ಮುಚ್ಚಿಟ್ಟು ಸರಿ ಮಾಡಾಕ ಒಯ್ದವರು ಆ ಓಣಿಯಾಗ ಇಳದವರು, ಈಕಿ ಮ್ಯಾಲೆ ಜೀವ ಇದ್ದವರು."

ಶೀತಲ್ ಚೀಲದಿಂದ ಬಾವಡಿ ತೆಗೆದು ಮೇಜಿನ ಮೇಲಿಟ್ಟಳು. "ಮೈಂನೆ ಲಿಯಾ, ಕಾಕಾ. ನಾನೇ ತಗೊಂಡೆ. ನಮ್ಮ ಬಿಲ್ಡಿಂಗ್‌ದಾಗ ಬಡಗಿ ಇದ್ದಾರೆ, ಗೂಟ ಕಿತ್ತು ಬೇರೆ ಕಡೆ ಕೂರಿಸಿ ಬೆಳಿಗ್ಗೆ ಜಲ್ದಿ ಇಡೋಣ ಅಂತ. ಲೋಕಲ್ ಲೇಟ್ ಆಯ್ತು. ದಾನವ್ವ ಮೌಶಿ ಆರು ತಿಂಗಳು ನನಗೆ ರೊಟ್ಟಿ ಹಾಕಿದ್ರು. ಡಬ್ಬಾ ಖಾಲಿ ವಾಪಸ್ ಕೊಡಬಾರದು ಅಂತ ಅವರೇ ಕಲಿಸಿದ್ದು. ಇವಳಿಗೆ ಎಲ್ಲರ ಮುಂದೆ ಶರಮ್ ಆಗಬಾರದು, ಬಸ್, ಅಷ್ಟೇ."

ಬಾವಡಿ ತೂತಿನಲ್ಲಿ ಕೂತಿತು. ಮೆಟ್ಟಿಲು ಈಗ ಹೆಂಗಸರ ಓಣಿಗೆ ಸರಿಯಾಗಿ ಎದುರಾಗಿತ್ತು.

ದಾನೇಶ್ವರಿ ಗೆಳತಿಯ ಕೈ ಹಿಡಿದುಕೊಂಡೇ ಬಸವಂತರಾಯರ ಕಡೆ ತಿರುಗಿದಳು. "ತಪ್ಪು ನಂದರಿ, ಸರ್. ಎರಡ ವರ್ಷ ಇಲ್ಲಿದ್ದು, ಎಲ್ಲಾದರ ಮುಖಾ ಸ್ಟೇಷನ್ ಕಡೆ ಮಾಡೂದ ರೂಢಿ ಆಗೇದ. ಸಭಾದಾಗ ನಾನ ಹೇಳ್ತೀನಿ. ಕೆಲಸ ಈಶ್ವರಗ ಕೊಟ್ರೂ ನಡೀತದ."

ಬಸವಂತರಾಯರು ಬಾವಡಿಯನ್ನು ಮುಟ್ಟಿ ನೋಡಿದರು. "ಮುಂಬೈ ಹುಡುಗಿಗೆ ನಮ್ಮ ಓಣಿ ತಿಳದದ. ನಮ್ಮ ಹುಡುಗಿಗೆ ತನ್ನ ತಪ್ಪು ತಿಳದದ. ಹತ್ತು ವರ್ಷ ಕಲಸೂದು ಇನ್ನೇನ್ರಿ ಮತ್ತ? ಇಬ್ಬರೂ ಕೂಡಿ ಕಲಸ್ರಿ. ಈಶ್ವರ ಮದ್ಲನೇ ವರ್ಷ ಇವರ ಕಡೆ ಕಲೀಲಿ." ಈಶ್ವರ ಕೂಡ ನಕ್ಕ. ನನಗೆ ಕಣ್ಣು ತುಂಬಿ ಬಂತು. ಹಾಗೆ ಒಬ್ಬರನ್ನೊಬ್ಬರು ಕಾಯುವವರು ನಮ್ಮ ಮಾಡಿನ ಕೆಳಗಿದ್ದರಲ್ಲ ಎಂದು ಧನ್ಯನೆನಿಸಿತು.

ದಾದರಿನಲ್ಲಿ ಸಹಿಯಾಯಿತು. ಮರುದಿನ ಬಸವಂತರಾಯರು ಊರಿಗೆ ಹೊರಟಾಗ ದಾನೇಶ್ವರಿ, ಚಿಕ್ಕಿ ಒಳಗೇ ಇದೆ ಎಂದುಕೊಂಡು, ತಾಯಿಗೆ ಮುಟ್ಟಿಸಲು ಡಬ್ಬಿಯನ್ನು ಅವರ ಕೈಗೆ ಕೊಟ್ಟಳು. ಅವರು ಮೆಟ್ಟಿಲಿನಲ್ಲೇ ನಿಂತು ಮುಚ್ಚಳ ತೆಗೆದು ನೋಡಿದರು. ಒಳಗೆ ಏನೂ ಇರಲಿಲ್ಲ. ಮೇಲಿನ ಹಾಲಿನ ನೆಲ ಒರೆಸುವಾಗ ಆ ಚಿಕ್ಕಿಯನ್ನು ತಿಂದವನು ನಾನೇ.

"ಖಾಲಿ ಒಯ್ಯಂಗಿಲ್ರಿ ನಾ. ದಾನವ್ವಗ ಏನ್ ಹೇಳ್ಲಿ?" ಎಂದು ಆ ಮನುಷ್ಯ ಅಲ್ಲೇ ಕೂತುಬಿಟ್ಟರು. ಶೀತಲ್ ಸ್ಟೇಷನ್ನಿಗೆ ಓಡಿ ಚಿಕ್ಕಿ ತಂದು ತುಂಬಿದ ಮೇಲೆಯೇ ಅವರು ಎದ್ದದ್ದು.