ಉದ್ದ ಮೂಗಿನ ದೇವರು

ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಸುಮಿತಾಳ ಮೂಗಿನ ಹೊಳ್ಳೆಗಳು ಅರಳಿದವು. ಹಳಿಯಾಳ ತಾಲ್ಲೂಕಿನ ಆಡಳಿತ ಈ ಗಂಭೀರ ಘಟನೆಯನ್ನು ದಾಖಲಿಸಿಕೊಳ್ಳದೇ ಹೋದದ್ದು ದೊಡ್ಡ ಲೋಪ.

ಕಾರಣ, ಅಂಗಳದಲ್ಲಿ ಜುಜೆ ನಿಂತಿದ್ದ. ಪಾದ್ರಿಯಾಗುತ್ತೇನೆಂದು ನಾಲ್ಕು ವರ್ಷದ ಹಿಂದೆ ಅವಳನ್ನು ಬಿಟ್ಟು ಸೆಮಿನರಿಗೆ ಹೋದವನು ದೀಕ್ಷೆಗೆ ಮೊದಲೇ ಮರಳಿದ್ದ. ತಂದದ್ದು ಒಂದು ಟ್ರಂಕು, ಒಂದಿಷ್ಟು ಹಳೆಯ ಹೀಬ್ರೂ, ಮತ್ತು ಒಂದು ಪ್ರಶ್ನೆ: ತನ್ನನ್ನು ಮದುವೆಯಾಗುವಳೇ?

ಸುಮಿತಾ ತನ್ನ ಕೇರಿಯ ಸಿದ್ದಿ ಹೆಂಗಸರ ನಡುವೆ ಕೂತು ಹಳೆಬಟ್ಟೆ ತುಂಡುಗಳ ಕೌದಿ ಹೊಲಿಯುತ್ತಿದ್ದಳು. ತಲೆ ಎತ್ತಲಿಲ್ಲ.

"ದೇವ್ರು ವಾಪಸ್ ಕಳಿಸಿದ ಮಾಲು ಇಟ್ಕೊಳ್ಳಾಕ ಇದೇನು ಗುಜರಿ ಅಂಗಡಿ?"

"ಕಳಿಸಿಲ್ಲ, ನಾನಽ ಬಂದೇನಿ," ಎಂದ ಜುಜೆ. "ಸಿಟ್ಟು ಬಂತು ಅನ್ನಾಕ ಹಳೇ ಹೀಬ್ರೂದಾಗ ಮೂಗು ಉರೀತು ಅಂತಾರ, ಗೊತ್ತೈತೇನ?"

"ನಮ್ಮಲ್ಲೂ ಸಿಟ್ಟು ಮೂಗಿನ ತುದೀಗೇ ಇರ್ತೈತಿ," ಎಂದಳು ಪಕ್ಕದಲ್ಲಿ ಹೊಲಿಯುತ್ತಿದ್ದ ಮೆಹಬೂಬಿ ಕಾಕಿ. "ಇಷ್ಟು ಕಲಿಯಾಕ ನಾಕು ವರ್ಷ ಬೇಕಾತೇನೋ ತಮ್ಮಾ?"

"ಲಗೂನ ಸಿಟ್ಟಾಗದವ್ರಿಗೆ ಉದ್ದ ಮೂಗಿನವ್ರು ಅಂತಾರ ಕಾಕಿ. ದೇವ್ರಿಗೂ ಹಂಗಽ ಕರೀತಾರ."

ಈಗ ಸುಮಿತಾ ತಲೆ ಎತ್ತಿದಳು. ಕಣ್ಣು ಅವನ ಚಪ್ಪಲಿಯಿಂದ ಹೊರಟು, ಅವಸರವಿಲ್ಲದೆ, ಮುಖಕ್ಕೆ ಬಂದು ನಿಂತಿತು.

"ನನ್ನ ಮೂಗು ಗಿಡ್ಡ. ನಮ್ಮಜ್ಜಂದೂ ಗಿಡ್ಡ. ನಮಗ ಅದರ ನಾಚಿಕಿ ಇಲ್ಲ. ಉದ್ದಂದು ಬೇಕಾದ್ರ ಬ್ಯಾರೆ ಕಡೆ ನೋಡ್ಕೊ."

"ಸೆಮಿನರ್ಯಾಗ ಎಲ್ಲಾರೂ ನನ್ನ ಸಿದ್ದಿ ಮುಖ ನೋಡಿ ಆಫ್ರಿಕಾದ ಯಾವ ದೇಶದಾಂವ ಅಂತ ಕೇಳ್ತಿದ್ರು," ಎಂದ ಜುಜೆ. "ಹಳಿಯಾಳದಾಂವ ಅಂತಿದ್ದೆ, ಎದಿ ಉಬ್ಬಿಸಿ. ಹಂಗ ಅಂದಾಗೆಲ್ಲ ನನಗ ನಿನ್ನ ಮೂಗಽ ಕಾಣ್ತಿತ್ತು."

ಸೂಜಿಗಳು ನಿಂತವು. ಸುಮಿತಾ ತುಟಿ ಕಚ್ಚಿ ನಗು ತಡೆದಳು, ಪೂರ್ತಿ ತಡೆಯಲಾಗಲಿಲ್ಲ.

"ಮಾತು ಸಾಕು. ಎಲ್ಲಾರ ಮುಂದ ಕೂತು ಹೊಲಿ," ಎಂದು ಹೊಸ ಕೌದಿಯ ಬಟ್ಟೆ ಹಾಸಿ ಸೂಜಿ ಚಾಚಿದಳು.

ಆ ಊರಿನ ಗಂಡಸರು ಕೌದಿಗೆ ಕೈ ಹಚ್ಚಿದವರಲ್ಲ. ಜುಜೆ ಕೂತ. ಪೂಜೆಯ ವಸ್ತ್ರದ ನಟ್ಟನಡುವೆ ಶಿಲುಬೆ ಹೊಲಿದದ್ದನ್ನು ನಾಲ್ಕು ವರ್ಷ ನೋಡಿ ಬಂದವನು, ಮೊದಲ ತುಂಡನ್ನು ನಡುವಿಗೇ ಇಟ್ಟ.

ಅಂಗಳವೆಲ್ಲ ನಕ್ಕಿತು.

"ಅಂಚಿನಿಂದ ಸುತ್ತಿಕೋತ ಒಳಗ ಬರಬೇಕೋ ಮಳ್ಳ!" ಸುಮಿತಾ ಅವನ ಮಣಿಕಟ್ಟು ಹಿಡಿದು ಅಂಚಿಗೆ ಎಳೆದಳು. ಎಳೆದ ಮೇಲೂ ಬಿಡಲಿಲ್ಲ.

"ಬರ್ತೇನಿ," ಎಂದ ಅವನು ಮೆಲ್ಲಗೆ. "ಅಂಚಿನಿಂದಽ ಬರ್ತೇನಿ."

"ನೋಡೂಣು," ಎಂದಳು.

ಸಂಜೆಯೊಳಗೆ ಅವನು ಒಂದು ಗೇಣು ಹೊಲಿದ. ಅಷ್ಟನ್ನೂ ಬಿಚ್ಚಿ ಅವಳು ಮತ್ತೆ ಹೊಲಿದಳು. ಈಸ್ಟರ್ ಕಳೆದ ಎರಡನೇ ಸೋಮವಾರ ಅವರ ಮದುವೆಯಾಯಿತು.